ಕೊಡೆ ಕದ್ದವನ ಆಂಬ್ಯುಲೆನ್ಸ್

ಮಾರ್ಚ್ ಹನ್ನೊಂದು, ಮಂಗಳವಾರ

ಕೋಪ ಇನ್ನೂ ಇಳಿದಿಲ್ಲ. ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎತ್ತಲು ನನ್ನೊಬ್ಬನಿಂದ ಆಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ, "ಆಂಬ್ಯುಲೆನ್ಸ್ ಕೋರ್ಟಿಗೆ ಹೋಗಿದೆ ಸಾರ್, ಸ್ವಲ್ಪ ಕಾಯಿರಿ" ಅಂದರು.

ಹೊಸ ಕಾನೂನು ಬಂದ ಮೇಲೆ ಚಿಲ್ಲರೆ ಕಳ್ಳನಿಗೂ ಜಾಮೀನಿಲ್ಲ. ಪ್ರತಿ ವಿಚಾರಣೆಗೂ ಜೈಲಿನಿಂದ ಹೊತ್ತು ತರಬೇಕು. ವ್ಯಾನು ಸಾಲದು ಅಂತ ಊರಿಗಿದ್ದ ಒಂದೇ ಆಂಬ್ಯುಲೆನ್ಸನ್ನು ಅದಕ್ಕೆ ಹಚ್ಚಿದ್ದಾರೆ. ವಿಧಾನಸಭೆಯಲ್ಲಿ ಮಹಾಶಯರು ಮೇಜು ಕುಟ್ಟಿ ಈ ಕಾನೂನು ಪಾಸು ಮಾಡಿದರು. ಖರ್ಚು ಬಿದ್ದದ್ದು ಅಕ್ಕನ ಸೊಂಟದ ಮೇಲೆ.

ಗಾಡಿ ಬಂದಾಗ ಮಧ್ಯಾಹ್ನ. ಒಳಗೆ ಬೇಡಿ ಹಾಕಿದ ಒಬ್ಬ ಆಸಾಮಿ, ಪಕ್ಕದಲ್ಲಿ ಪೇದೆ. ಏನು ಕದ್ದನಪ್ಪಾ ಇವನು ಎಂದು ಕೇಳಿದೆ.

"ಕೊಡೆ" ಅಂದ ಪೇದೆ.

"ಅದೂ ಹರಿದಿದ್ದು ಯಜಮಾನ್ರೇ" ಅಂದ ಕಳ್ಳ.

ಸ್ಟ್ರೆಚರ್ ಹಿಡಿಯಲು ಆಳು ಸಾಲದೆ ಪೇದೆ ಬೇಡಿ ಬಿಚ್ಚಿದ. ಕಳ್ಳ ತಲೆಯ ಕಡೆ ಹಿಡಿದು, "ಹೆದರ್ಬೇಡಿ ಅಮ್ಮ, ನಿಧಾನಕ್ಕೆ ಎತ್ತುತ್ತೀವಿ" ಅಂದ. ಆಸ್ಪತ್ರೆಯ ಬಾಗಿಲಲ್ಲಿ ತಾನಾಗಿಯೇ ಕೈ ಚಾಚಿ ಬೇಡಿ ಹಾಕಿಸಿಕೊಂಡ.

ಕಾಲೇಜಿನಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಏನೋ ಓದಿದ್ದೆ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕಿಲ್ಲ ಅಂತಲೋ ಏನೋ. ನನ್ನವಳು ಬದುಕಿದ್ದರೆ ಸರಿಯಾಗಿ ಹೇಳುತ್ತಿದ್ದಳು, ಇಂಗ್ಲಿಷಿನಲ್ಲಿ ನನಗಿಂತ ಚುರುಕು. ಇವತ್ತು ಬಚ್ಚಲ ನೆಲದ ಮೇಲೆ ಅಕ್ಕನ ಪಕ್ಕ ಕೂತಾಗ ಪಾಠ ಅರ್ಥವಾಯಿತು.

ನಾಳೆ ಆಪರೇಷನ್. "ಇನ್ನೂ ಬೇಗ ತರಬೇಕಿತ್ತು" ಅಂದರು ಡಾಕ್ಟರು. ನನಗೆ ಹೇಳಿ ಏನು ಬಂತು? ಮೇಜು ಕುಟ್ಟಿದ ಅಷ್ಟೂ ಕೈಗಳಲ್ಲಿ ಒಂದಾದರೂ ಅಕ್ಕನನ್ನು ಎತ್ತಲು ಬಂತೇ? ಬಂದದ್ದು ಕೊಡೆ ಕದ್ದ ಕೈ. ಅವನನ್ನು ಮತ್ತೆ ಒಳಗೆ ಹಾಕಲು ಅದೇ ಆಂಬ್ಯುಲೆನ್ಸ್ ಜೈಲಿಗೆ ಹೋಯಿತು.