ಮೊದಲ ಎತ್ತಿದ ಕೈ

ಗದಗ

ಅಪ್ಪಾಜಿ,

ಮನಿಗೆ ಕಳಿಸಿದ್ರ ಓದಲಾರದನ ಹರೀತೀರಿ ಅಂತ ಲಕ್ಷ್ಮೇಶ್ವರದ ಅಂಗಡಿ ವಿಳಾಸಕ್ಕ ಕಳಸೀನಿ. ಗಿರಾಕಿ ಮುಂದ ನೀವು ಹರಿಯೂದಿಲ್ಲ.

ನನಗ ಈಗ ಏಳು ತಿಂಗಳು. ಬಾಣಂತನಕ್ಕ ಕರೀರಿ ಅನ್ನೂದಿಲ್ಲ. ಮಗಳು ಸತ್ತಾಳ ಅಂತ ಮಂದಿ ಮುಂದ ಅಂದವರು ಹೆಂಗ ಕರೀತೀರಿ? ಟ್ರಂಕಿನ್ಯಾಗ ನಾ ಕೂಸಿದ್ದಾಗ ತಲಿಗೆ ಕಟ್ಟತಿದ್ದ ಕುಂಚಿಗಿ ಐತಿ. ಅದನ್ನ ಅವ್ವನ ಕೈಲೆ ಕಳಸ್ರಿ. ಆಕೀನ್ನ ಬಿಡದಿದ್ರ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ರಿ, ನಾ ಸ್ಟ್ಯಾಂಡಿಗೆ ಬಂದು ಇಸ್ಕೋತೀನಿ.

ನಮ್ಮ ಕಾಲೇಜಿನ ಅಣಕು ಸಂವಿಧಾನ ಸಭಾ ನಿಮಗ ನೆನಪಿರಬೇಕು. ಹೊಸಾ ದೇಶಕ್ಕಂತ ಒಂದು ಸಂವಿಧಾನ ನಾವ ಬರದಿದ್ವಿ. ಕಡೀಕ ಊರ ಹಿರೇರು ಒಂದೊಂದು ಕಲಮಿಗೂ ಕೈ ಎತ್ತಿ ಒಪ್ಪಬೇಕು, ಅದು ಅಲ್ಲಿ ಪದ್ಧತಿ. 'ವಯಸ್ಕರು ಜಾತಿಯ ತಡೆಯಿಲ್ಲದೆ ತಮಗೆ ಬೇಕಾದವರನ್ನು ಮದುವೆಯಾಗಬಹುದು' ಅನ್ನೋ ಕಲಮು ನಾ ಮಂಡಿಸಿದ್ದೆ. ಅದರ ಮ್ಯಾಲ ಭಾಳ ಹೊತ್ತು ವಾದ ನಡೀತು. ಹಿರೇರು ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂತಿದ್ರು. ಆಗ ಮೊದಲ ಎತ್ತಿದ ಕೈ ನಿಮ್ಮದು. ನಿಮ್ಮನ್ನ ನೋಡಿ ಉಳಿದವರೂ ಎತ್ತಿದ್ರು.

ಆ ಧೈರ್ಯದ ಮ್ಯಾಲನ ನಾ ಅವತ್ತು ಮನಿಗೆ ಬಂದು ನಿಮ್ಮ ಮುಂದ ಬ್ಯಾರೆ ಜಾತಿಯ ರಘೂತ್ತಮನ ಹೆಸರು ಹೇಳಿದ್ದು.

ಈ ವರ್ಷನೂ ಸಭಾ ಐತಂತ. ನಿಮ್ಮನ್ನ ಕರೀತಾರ, ಹೋಗ್ರಿ. ಮುಂದಿನ ಸಾಲಿನ್ಯಾಗ ಕುಂಡ್ರಿ. ಆದ್ರ ಕೈ ಮಾತ್ರ ಎತ್ತಬ್ಯಾಡ್ರಿ. ಯಾರದರ ಮಗಳು ಖರೆ ಅನ್ಕೋತಾಳ.

ನಿಮ್ಮ ಮಗಳು,
ಕಾಂಚನಾ