ಹೆಲ್ಮೆಟ್ಟು ಯಾರ ತಲೆಗೆ

೧೦-೨-೧೯೭೪, ಭಾನುವಾರ

ತಲೆಯ ಹೊಲಿಗೆ ಬಿಚ್ಚಿದರೂ ಕಡಿತ ನಿಂತಿಲ್ಲ. ಎಣ್ಣೆ ಹಚ್ಚಬಾರದಂತೆ. ಬೋಳಿಸಿದ ಕಡೆ ಕೂದಲು ಮುಳ್ಳು ಮುಳ್ಳಾಗಿ ಬರುತ್ತಿದೆ. ಮುಟ್ಟಿಕೊಂಡರೆ ನನಗೇ ಅಸಹ್ಯ. ತುರುಬು ಕಟ್ಟಿ, ಮೇಲೆ ಹೂ ಮುಡಿದು, ಮುಚ್ಚಿಕೊಂಡು ಓಡಾಡುತ್ತಿದ್ದೇನೆ.

ಸಂಕ್ರಾಂತಿ ಮುಗಿಸಿ ಹನೂರಿನ ಅಕ್ಕನ ಮನೆಯಿಂದ ಬರುತ್ತಿದ್ದೆವು, ಇವರ ಜಾವಾ ಬೈಕಿನಲ್ಲಿ. ಕಾಮಗೆರೆ ಹತ್ತಿರ ರಸ್ತೆ ತುಂಬ ಹುರುಳಿ ಹರಡಿದ್ದರು, ಬಸ್ಸು ಲಾರಿ ಹರಿದು ಕಾಳು ಉದುರಲಿ ಅಂತ. ಎಲ್ಲರೂ ಅಲ್ಲಿ ನಿಧಾನ ಮಾಡುತ್ತಾರೆ. ಇವರು ಮಾಡಲಿಲ್ಲ. ಗಾಡಿ ಜಾರಿತು. ಇವರಿಗೆ ಮೊಣಕೈ ತರಚಿತು. ನನ್ನ ತಲೆ ಮೋರಿ ಕಲ್ಲಿಗೆ ಹೊಡೆಯಿತು. ಅಲ್ಲೇ ಆಸ್ಪತ್ರೆ ಇದ್ದದ್ದು ಪುಣ್ಯ. "ಇದೇ ಜಾಗಕ್ಕೆ ಇನ್ನೊಂದು ಏಟು ಬಿದ್ರೆ ಉಳಿಯೋದು ಕಷ್ಟ ಅಮ್ಮ, ಹುಷಾರು" ಎಂದರು ಡಾಕ್ಟರು. ಇವರ ಎದುರಿಗೇ ಹೇಳಿದ್ದು.

ಇವತ್ತು ಜಗಲಿಯಲ್ಲಿ ಸಭೆ. ಇವರ ಸ್ನೇಹಿತ, ಸೈಕಲ್ ಶಾಪಿನ ಗುರುಮಲ್ಲಪ್ಪ ಬಂದಿದ್ದ.

"ಎಲ್ಮೆಟ್ ತಕಬುಡು ಕಣ್ಲಾ ಸುಬ್ಬಯ್ಯ. ತಲೆ ಓದ್ರೆ ಆಮೇಲೆ ಏನದೆ?"

"ಊ ಕಣಪ್ಪ, ಮೊದ್ಲು ಅದ ಕೊಡ್ಸು ಇವ್ನಿಗೆ. ನಂಗಿರೋನು ಒಬ್ನೇ ಮಗ" — ಅತ್ತೆ.

ಬಿದ್ದವಳು ನಾನು. ಕಾಫಿ ತಟ್ಟೆ ಹಿಡಿದು ಅವರ ಮುಂದೆಯೇ ನಿಂತಿದ್ದೆ. ಒಬ್ಬರಾದರೂ ನನ್ನ ತಲೆ ಕಡೆ ನೋಡಬೇಕಲ್ಲ... ಥೂ.

೧೩-೨-೭೪

ಗುರುಮಲ್ಲಪ್ಪ ಒಂದು ಹೆಲ್ಮೆಟ್ ತಂದ. ಯಳಂದೂರಿನಲ್ಲಿ ಮಿಲಿಟರಿಯಿಂದ ಬಂದವರೊಬ್ಬರದಂತೆ. ಕಬ್ಬಿಣದ್ದು. ಒಳಗಿನ ಚರ್ಮದ ಪಟ್ಟಿ ಬೆವರು ಕುಡಿದು ಕುಡಿದು ಕಪ್ಪಗಾಗಿದೆ. ಉಗುರಲ್ಲಿ ಕೆರೆದರೆ ಜಿಡ್ಡು. ತಲೆಹೊಟ್ಟು ಬೇರೆ. ಇವರು ಹಾಕಿಕೊಂಡರು. ಗುರುಮಲ್ಲಪ್ಪ ಹಾಕಿಕೊಂಡ. ಅತ್ತೆ ಕೈಗೆ ತಗೊಂಡು, ಎಷ್ಟು ಸೇರು ರಾಗಿ ಹಿಡಿಯಬಹುದು ಅಂತ ಒಳಗೆ ನೋಡಿದರು!

ತಲೆಗೆ ಸ್ನಾನ ಮಾಡಿ ಬಂದರೇ ಊಟ ಎಂದೆ. ಇವರಿಗೆ ಕೋಪ. ಇರಲಿ. ಅದು ವಾಪಸ್ ಹೋಯಿತು. ಇಟ್ಟ ಜಗಲಿಯನ್ನು ಸೋಪು ಹಾಕಿ ತೊಳೆದೆ.

೨೪-೨-೭೪

ನಿನ್ನೆ ಮೈಸೂರು. ನೇಯ್ದ ಸೀರೆ ಕೊಟ್ಟು ಬರಲು ಇವರ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಹೆಲ್ಮೆಟ್ ಅಂಗಡಿಗೂ ಕರೆದುಕೊಂಡು ಹೋದರು. ಬಿಳಿಯದು, ಕರಿಯದು, ಕೆಂಪಿನದು. ಬಿಳಿಯದು ಇವರಿಗೆ ಸರಿಯಾಗಿ ಕೂತಿತು. ಪಟ್ಟಿ ಬಿಗಿದು ತಲೆ ಆಡಿಸಿದರೂ ಅಲುಗಲಿಲ್ಲ. ಅಂಗಡಿಯವನು ಅದನ್ನೇ ತಗೊಳ್ಳಿ ಎಂದ. ನಾನೂ ಅದೇ ಎಂದೆ.

ಇವರು ಕೆಂಪು ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಆ ಕಡೆ ತಿರುಗುವುದೇನು, ಈ ಕಡೆ ತಿರುಗುವುದೇನು! ಮದುವೆಯ ದಿನವೂ ಹಾಗೆ ನೋಡಿಕೊಂಡಿರಲಿಲ್ಲ. ಬಿಗಿಯಾಗಿ ಕೆನ್ನೆ ಉಬ್ಬಿ ಹೊರಗೆ ಬಂದಿತ್ತು.

"ಬಿಗಿ ಆಯ್ತಲ್ಲ ಸಾರ್."

"ಹೊಸ ಚಪ್ಲಿ ಇದ್ದಂಗೆ ಬುಡಿ. ಆಕ್ತಾ ಆಕ್ತಾ ಸಡ್ಲ ಆಯ್ತದೆ."

ದುಡ್ಡು ಕೊಡುವಾಗ ಕೇಳಿಯೇಬಿಟ್ಟೆ — "ನಂಗೊಂದು?" ಅಂಗಡಿಯವರೆಲ್ಲ ನಕ್ಕರು. ಇವರೂ ನಕ್ಕರು. ಅದೇ ಮರೆಯಲಾಗುತ್ತಿಲ್ಲ. "ಹಿಂದೆ ಕೂರೋಳಿಗೆ ಯಾಕೆ? ಓಡ್ಸೋನು ನಾನು." ಹಿಂದೆ ಕೂತವರ ತಲೆಯೇನು ಗಟ್ಟಿ ತೆಂಗಿನಕಾಯಿಯೇ?

ಬಿಲ್ಲು ಬರೆಸುತ್ತಿದ್ದಾಗ ಕೆಂಪಿನದನ್ನು ಸುಮ್ಮನೆ ತಲೆಗಿಟ್ಟು ನೋಡಿದೆ. ತುರುಬು ಅಡ್ಡ ಬಂತು. ಇಳಿಸಿಟ್ಟೆ.

೩-೩-೭೪

ವಾರವಿಡೀ ನಮ್ಮ ಬೀದಿಯ ಗಂಡಸರೆಲ್ಲ ಸರದಿಯಲ್ಲಿ ಬಂದು ಹೆಲ್ಮೆಟ್ ಹಾಕಿಕೊಂಡರು. ಹರಳೆಣ್ಣೆ ತಲೆ, ಕೊಬ್ಬರಿ ಎಣ್ಣೆ ತಲೆ, ಹೋದ ಶನಿವಾರದಿಂದ ನೀರನ್ನೇ ಕಾಣದ ತಲೆ. ಒಬ್ಬ ಅದರೊಳಗೇ ಸೀನಿದ. ಒರೆಸಿಯೂ ಕೊಡಲಿಲ್ಲ. ಇವರು ಎಲ್ಲರಿಗೂ ಖುಷಿಯಿಂದ ಪಟ್ಟಿ ಬಿಗಿದು ಬಿಟ್ಟರು.

ಇವತ್ತು ಅದನ್ನು ಹಾಕಿಕೊಂಡು ಯಳಂದೂರಿಗೆ ಸುಮ್ಮನೆ ಒಂದು ರೌಂಡು. ನನಗೆ ಗಾಡಿ ಎಂದರೆ ಇಷ್ಟ, ಇಲ್ಲಿ ಸುಳ್ಳು ಬರೆದೇನು ಪ್ರಯೋಜನ? ಹಿಪ್ಪುನೇರಳೆ ತೋಟದ ಗಾಳಿ, ಸೆರಗು ಹಾರುವುದು, ಅತ್ತೆ ಇಲ್ಲದ ಒಂದು ಗಂಟೆ. ಇಡೀ ವಾರ ಮಗ್ಗದ ಮುಂದೆ ಕೂತವಳಿಗೆ ಇದೊಂದೇ. ಬಿಟ್ಟುಕೊಡುವುದಿಲ್ಲ. ಆದರೆ ರಸ್ತೆಯಲ್ಲಿ ಒಂದು ಹಿಡಿ ಹುಲ್ಲು ಕಂಡರೂ ಈಗ ಕಣ್ಣು ಮುಚ್ಚಿ ಇವರ ಷರ್ಟು ಹಿಡಿದುಕೊಳ್ಳುತ್ತೇನೆ.

ಊರು ದಾಟುವಷ್ಟರಲ್ಲಿ ಇವರಿಗೆ ತಲೆನೋವು. ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿದರು. ಬರಿ ತಲೆಯಲ್ಲೇ ಹೋದೆವು, ಬಂದೆವು. ಹ್ಯಾಂಡಲ್ಲು ಮಾತ್ರ ಬಹಳ ಕ್ಷೇಮವಾಗಿತ್ತು.

ಮನೆಗೆ ಬಂದು ಹೇಳಿದೆ — ನೀವು ಹಾಕಲ್ಲ ಅಂದರೆ ನಾನು ಹಾಕಿಕೊಳ್ಳುತ್ತೇನೆ. ಇವರಿಗಿಂತ ಮೊದಲು ಅತ್ತೆ ಎದ್ದರು.

"ಊವ ಮುಡಿಯೋ ತಲೆ ಕಣವ್ವ ಅದು! ಗಂಡ ಇರೋ ಎಣ್ಣು ಮಡ್ಕೆ ಕಮುಚ್ಕಂಡು ಓದ್ರೆ ಊರೋರು ಉಗೀತಾರೆ."

"ತಲೆ ಒಡ್ದಾಗ ಊವ ಏನ್ ಮಾಡ್ತು ಅತ್ತೆ?"

ಇವರು ಪೇಪರು ಓದುತ್ತಿದ್ದರು. ಓದುವವರಂತೆ ಹಿಡಿದುಕೊಂಡಿದ್ದರು.

೧೫-೩-೭೪

ಬರೆಯಲೂ ವಾಕರಿಕೆ.

ಮೊನ್ನೆ ಇವರು ರೇಷ್ಮೆ ಗೂಡು ನೋಡಲು ಶಾಗ್ಯಕ್ಕೆ ಹೋಗಿದ್ದರು. ಸ್ಯಾಂಪಲ್ ಕೊಟ್ಟಿದ್ದಾರೆ. ಚೀಲ ತಂದಿಲ್ಲ. ಹೆಲ್ಮೆಟ್ಟಿಗೇ ತುಂಬಿ, ಮೇಲೆ ಟವಲ್ಲು ಕಟ್ಟಿ, ಬಿಸಿಲಲ್ಲಿ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದರು. ಮನೆಯಲ್ಲಿ ಗೂಟಕ್ಕೆ ಸಿಕ್ಕಿಸಿ ಮರೆತರು.

ಇವತ್ತು ನಡುಮನೆಯಲ್ಲಿ ನಾತ. ಇಲಿ ಸತ್ತಿದೆ ಎಂದು ಹುಡುಕಿದೆ. ಟವಲ್ಲು ಬಿಚ್ಚಿದರೆ — ಒಳಗಿನ ಹುಳುಗಳು ಕೊಳೆತು, ಗೂಡು ಒದ್ದೆಯಾಗಿ, ಕಂದು ನೀರು ಸ್ಪಂಜಿನೊಳಗೆಲ್ಲ ಇಳಿದಿತ್ತು. ಅಂಟು. ಇರುವೆ ಸಾಲು. ಹಿತ್ತಲಿಗೆ ಓಡಿ ಕಾರಿಕೊಂಡೆ. ಹುಟ್ಟಿದಾಗಿನಿಂದ ರೇಷ್ಮೆ ಹುಳುವಿನ ವಾಸನೆಯಲ್ಲಿ ಬೆಳೆದವಳು ನಾನು!

ಇವರು ಮೂಗು ಹಿಡಿದು ದೂರ ನಿಂತು — "ತಿಪ್ಪೆಗೆ ಬಿಸಾಕು ಅತ್ಲಾಗೆ. ನಾನಂತೂ ಇನ್ನ ತಲೆಗಿಡಾಕಿಲ್ಲ."

ಹೊಲಸು ಮಾಡುವುದು ಇವರು, ಮೂಗು ಹಿಡಿಯುವುದೂ ಇವರೇ.

ಬಿಸಾಕಲಿಲ್ಲ. ಅಂಟುವಾಳದ ಕಾಯಿ ನೆನೆಸಿದ್ದೇನೆ.

೧೮-೩-೭೪

ರೇಷ್ಮೆ ನೂಲು ತೊಳೆಯುವ ಹಾಗೆ ಅಂಟುವಾಳದ ನೊರೆಯಲ್ಲಿ ತಿಕ್ಕಿದೆ. ಮತ್ತೆ ತಿಕ್ಕಿದೆ. ಮೂಗಿಗೆ ಸೆರಗು ಕಟ್ಟಿಕೊಂಡು ಬೆರಳಲ್ಲೇ ಕೆರೆದು ತೆಗೆದೆ. ಬಿಸಿಲಿಗಿಟ್ಟೆ, ಸಾಂಬ್ರಾಣಿ ಹೊಗೆ ಹಿಡಿದೆ. ನಿಂಬೆಹಣ್ಣು ಉಜ್ಜಿದರೂ ಕೈ ವಾಸನೆ ಇನ್ನೂ ಹೋಗಿಲ್ಲ. ಎಡಗೈಯಲ್ಲಿ ಊಟ ಮಾಡುವಂತಿದ್ದರೆ ಮಾಡುತ್ತಿದ್ದೆ.

ಕೆಂಪು ಮತ್ತೆ ಹೊಳೆಯುತ್ತಿದೆ. ಇವರು ನೋಡಿದರು. ಮುಖ ಅರಳಿತು.

"ಪರ್ವಾಗಿಲ್ವಲ್ಲೇ ವಿಜಿ! ಭಾನ್ವಾರ ಅನೂರ್ಗೆ ತಕಂಡೋಯ್ತೀನಿ."

"ಆಕ್ಕಂಡಾ?"

"ಆಕ್ಕಳದ್ಯಾಕೆ? ಆಂಡಲ್‌ಗೆ ನೇತಾಕಂಡ್ರೂ ಗತ್ತಲ್ವಾ? ನಿಮ್ಮಕ್ಕನ ಮನೇವ್ರು ನೋಡ್ಲಿ."

ಹುಳುವಿನ ನಾತಕ್ಕಿಂತ ಈ ಮಾತೇ ಹೆಚ್ಚು ಹೇಸಿಗೆಯಾಯಿತು.

೨೪-೩-೭೪, ಭಾನುವಾರ ಬೆಳಿಗ್ಗೆ

ಹನೂರಿಗೆ ಹೊರಟಿದ್ದೇವೆ. ಅಕ್ಕನ ಮಗಳಿಗೆ ಸೀಮಂತ. ಕಾಮಗೆರೆ ಆಚೆ ರಸ್ತೆಗೆ ಮತ್ತೆ ಏನೋ ಹರಡಿದ್ದಾರಂತೆ, ನಿನ್ನೆ ಗುರುಮಲ್ಲಪ್ಪ ಹೇಳಿದ. ಇವರು "ಗೊತ್ತು ಬುಡ್ಲಾ" ಎಂದರು.

ತುರುಬು ಕಟ್ಟಲಿಲ್ಲ. ಜಡೆ ಹೆಣೆದು ಬೆನ್ನಿಗೆ ಬಿಟ್ಟಿದ್ದೇನೆ, ಸ್ಕೂಲಿಗೆ ಹೋಗುವಾಗಿನಂತೆ. ಹೂವನ್ನು ಜಡೆಯ ತುದಿಗೆ ಸುತ್ತಿದೆ. ಅತ್ತೆ ನೋಡಿ ಏನೋ ಅನ್ನಲು ಬಂದರು. ನನ್ನ ಮುಖ ನೋಡಿ ಅಡುಗೆಮನೆಗೆ ಹೋದರು.

ಬಾಗಿಲು ಹಾಕಿಕೊಂಡು ತಲೆಗಿಟ್ಟೆ. ಕೂತಿತು! ಪಟ್ಟಿ ಬಿಗಿದೆ. ತಲೆ ಆಡಿಸಿದೆ — ಅಲುಗಲಿಲ್ಲ. ಗಾಯದ ಜಾಗ ಒಳಗೆ ಬೆಚ್ಚಗಿದೆ. ಒಳಗೆಲ್ಲೋ ಹುಳುವಿನ ವಾಸನೆ ಸಣ್ಣಗೆ ಇನ್ನೂ ಇದೆ. ಇರಲಿ. ನಾನೇ ತೊಳೆದದ್ದು.

ಇವರು ಹೊರಗೆ ಕಿಕ್ ಹೊಡೆದರು. ಆಫ್ ಮಾಡಿದರು. ಒಳಗೆ ಬಂದು ಖಾಲಿ ಗೂಟ ನೋಡಿರಬೇಕು.

"ವಿಜೀ, ಎಲ್ಮೆಟ್ ಎಲ್ಲೇ?"

ಹುಡುಕಲಿ.

"ಅವ್ವಾ, ನೀನೇನಾರ ಎತ್ತಿಟ್ಟಾ?"

ಅತ್ತೆ ಏನು ಹೇಳುತ್ತಾರೆ ನೋಡೋಣ... "ನಿನ್ ಎಡ್ತೀನೇ ಕೇಳ್ಕಳಪ್ಪ, ಗಾಡಿ ಮ್ಯಾಲಿಂದ ಬಿದ್ದೋಳು ಅವ್ಳಲ್ವಾ" ಎಂದರು. ಅತ್ತೆಯೇ? ನನ್ನ ಕಿವಿ ಹೆಲ್ಮೆಟ್ಟಿನೊಳಗಿದೆ. ಆದರೂ ಸರಿಯಾಗಿಯೇ ಕೇಳಿಸಿತು.

ಇತ್ತ ಬರುತ್ತಿದ್ದಾರೆ. ಬಾಗಿಲು ತಳ್ಳಿದರು. ನಾನು ತಿರುಗಿಲ್ಲ, ಬರೆಯುತ್ತಲೇ ಇದ್ದೇನೆ. ಹಿಂದೆ ನಿಂತಿದ್ದಾರೆ. ನಗುತ್ತಿಲ್ಲ. ಕೈ ಚಾಚಿ ಬಿಚ್ಚಲು ಬಂದರೆ ನಾನು ಬಿಡುವುದಿಲ್ಲ.