ಪಾಚಿ ನೀರು ಸುರಿದ ಹೊಂಡ

ಜುಲೈ 9, ಬೆಳಿಗ್ಗೆ
ಪಾಚಿ ತೊಟ್ಟಿ ಕಲಕಿದ್ದಾಯಿತು. ಬಣ್ಣ ಚೆನ್ನಾಗಿದೆ. ಆದರೂ ಭಯ. ಒಣಗಿಸಿ ಪುಡಿ ಮಾಡಿ ತೌಡು, ಹಿಂಡಿಗೆ ಬೆರೆಸಿದರೆ ಮೀನಿಗೆ ಒಳ್ಳೆ ಫೀಡ್ ಅಂತ ಮೀನು ಸಾಕಣೆ ಟ್ರೈನಿಂಗಲ್ಲಿ ಹೇಳಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು... ಸರಿ ಕೇಳಿಸಿಕೊಂಡೆನೋ ಇಲ್ಲವೋ. ನಮ್ಮಣ್ಣ ತಿಮ್ಮಪ್ಪ ನಗಾಡಿದ. "ಬಚ್ಚಲ ಪಾಚಿ ತಿಂದು ಮೀನು ದಪ್ಪ ಆಗ್ತದೇನಾ ನವೀನ? ಮರಿ ಸತ್ರೆ ಹೊಂಡದಲ್ಲಿ ನಿನ್ನೇ ಹಾಕಿ ಮುಚ್ತೀನಿ."

ಜುಲೈ 12
ತೊಟ್ಟಿಯ ಟಾರ್ಪಾಲ್ ಸೋರುತ್ತಿದೆ. ಅರ್ಧ ನೀರು ಬೇರೆ ಕಡೆ ತುಂಬಿಸಬೇಕು. ಅಡಿಕೆಗೆ ಔಷಧಿ ಹೊಡೆಯುವಾಗ ಮೈಲುತುತ್ತ, ಆ ನೀಲಿ ವಿಷ, ಕರಗಿಸುತ್ತೇವಲ್ಲ, ಆ ಡ್ರಮ್ ಉರುಳಿಸಿಕೊಂಡು ಬಂದ ಅಣ್ಣ. ತೊಳೆದಿದೆಯಾ ಅಂದೆ. ಕಪಾಳಕ್ಕೆ ಬಿತ್ತು. "ನಿನ್ನ ಕೇಳ್ಕಂಡು ತೊಳೀಬೇಕನಾ?"

ಜುಲೈ 14
ಡ್ರಮ್ಮಿನ ಪಾಚಿ ಬಿಳಿಚಿಕೊಂಡಿದೆ. ಚೆಲ್ಲೋಣ ಅಂದೆ. "ಸತ್ತಿದ್ರೂ ಮೀನು ತಿಂತದೆ ಮಾರಾಯ" — ಅಷ್ಟನ್ನೂ ಮರಿ ಹೊಂಡಕ್ಕೆ ಸುರಿದ. ಡ್ರಮ್ಮಿನ ತಳದಲ್ಲಿ ನೀಲಿ ಕೆಸರು. ನೋಡಿದೆ. ಡ್ರಮ್ ಬೋರಲು ಹಾಕಿ ಬಂದೆ.

ಜುಲೈ 15
ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿವೆ. ಅಣ್ಣ ಹಾರೆ ಹಿಡಿದು ಸೀದಾ ಪಕ್ಕದ ಗದ್ದೆಗೆ. ವಿಷ ಹಾಕಿದ್ದು ಆ ಗದ್ದೆಯ ರಾಜೇಶನಂತೆ. ಹೊಂಡ ನಾರುತ್ತದೆ ಅಂತ ಹೋದ ತಿಂಗಳು ಅವನು ಜಗಳ ಆಡಿದ್ದ.
"ಎಂಥ ವಿಷ ಮಾರಾಯ, ನಾನು ಪೇಟೆಯಿಂದ ಈಗ ಬಸ್ಸಿಳಿದು—"
ಅಣ್ಣ ಹಾರೆ ಬೀಸಿದ. ಮೊಣಕೈ ಮುರಿದ ಸದ್ದು... ಅಡಿಕೆ ಮರದ ದಬ್ಬೆ ಸಿಗಿದ ಹಾಗೆ. ಬಿದ್ದವನ ಮುಖಕ್ಕೂ ಒದ್ದ. ಒಂದು ಹಲ್ಲು ನನ್ನ ಚಪ್ಪಲಿ ಹತ್ತಿರ ಬಂದು ಬಿತ್ತು. ಅಣ್ಣನ ಸೊಂಟ ಹಿಡಿದು ಎಳೆದೆ. ಅಷ್ಟೇ ಆಗಿದ್ದು ನನ್ನಿಂದ.

ಜುಲೈ 19
ರಾಜೇಶ ಶಿವಮೊಗ್ಗ ಆಸ್ಪತ್ರೆಯಲ್ಲಿ. ಕಂಪ್ಲೇಂಟು ಇಲ್ಲ. ಅವನ ತಮ್ಮಂದಿರು ಅಣ್ಣನನ್ನು ತಾವೇ ವಿಚಾರಿಸಿಕೊಳ್ಳುತ್ತಾರಂತೆ. ನಿನ್ನೆ ದೊಡ್ಡ ಹೊಂಡದ ಏರಿ ಒಡೆದರು. ನಮ್ಮ ನಾಯಿಯನ್ನು ಕಡಿದು ಹಾಕಿದರು.
ಇವತ್ತು ಅಣ್ಣನಿಗೆ ಹೇಳಿಬಿಟ್ಟೆ — ಮರಿ ಸತ್ತದ್ದು ಡ್ರಮ್ಮಿನ ಮೈಲುತುತ್ತದಿಂದ, ನೀನೇ ಸುರಿದದ್ದು.
ಕುತ್ತಿಗೆ ಹಿಡಿದು ತೊಟ್ಟಿಯಲ್ಲಿ ಅದ್ದಿದ. ಮೂಗು, ಗಂಟಲು, ಎಲ್ಲ ಪಾಚಿ. ಮೇಲೆತ್ತಿ ಕೇಳಿದ, "ಈಗ ಹೇಳು. ಯಾರು?"
"ರಾಜೇಶ" ಅಂದೆ.

ಜುಲೈ 20, ಸಂಜೆ
ರಾಜೇಶನ ತಮ್ಮಂದಿರು ಬಂದಿದ್ದಾರೆ. ಅಂಗಳದ ತುಂಬ ಬೈಕು. "ತಿಮ್ಮಪ್ಪಾ, ಹೊರಗೆ ಬಾರಾ! ಕೈ ಎಷ್ಟು ಉದ್ದ ಇದೆ, ಅಳೀತೀವಿ!" ಅಣ್ಣ ಕತ್ತಿ ಹಿಡಿದು ಬಾಗಿಲ ಹಿಂದೆ ನಿಂತಿದ್ದಾನೆ. ನನಗೂ ಒಂದು ಕೊಟ್ಟ. ಅದನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.
ಹಿತ್ತಿಲ ಬಾಗಿಲು ತೆರೆದಿದೆ. ಓಡಿದರೆ ನಾನು ಉಳಿಯುತ್ತೇನೆ, ಇಲ್ಲಿ ಯಾರಾದರೊಬ್ಬ ಸಾಯುತ್ತಾನೆ. ಕತ್ತಿ ಇಲ್ಲೇ ಬಿಡುತ್ತೇನೆ. ಹಿತ್ತಿಲಿಂದ ಸುತ್ತಿ ಅಂಗಳಕ್ಕೇ ಹೋಗಿ, ಅವರೆದುರೇ ಹೇಳುತ್ತೇನೆ, ವಿಷ ಹಾಕಿದ್ದು ರಾಜೇಶ ಅಲ್ಲ... ಆಮೇಲೆ ಯಾರ ಏಟು ಮೊದಲು ಬಿದ್ದರೂ — ಅಯ್ಯೋ, ಅಣ್ಣ ಮುಂಬಾಗಿಲ ಚಿಲಕ ತೆಗೆಯುತ್ತಿ—